ಮೂವರು ಎದುರಾಳಿಗಳು, ಒಂದು ಬುಶ್

ಮೂರು ಒಳ್ಳೆಯ ಸಂಖ್ಯೆ ಎಂದು ಹಲ್ಲುಜ್ಜುತ್ತ ಅವನು ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡ. ಎದುರಾಳಿಗಳು ಸೊನ್ನೆ ಇದ್ದರೆ ಆ ಸಾಮಾನು ಭೂಮಿಯ ಮೇಲೆ ಯಾರಿಗೂ ಬೇಡ ಎಂದರ್ಥ. ಮೂವತ್ತಿದ್ದರೆ ಹೊಸಬ ಕಾಲೂರುವ ಮೊದಲೇ ತುಳಿದು ಹಾಕುತ್ತಾರೆ. ಮೂರು ಎಂದರೆ ಕೊಳ್ಳುವವರೂ ಇದ್ದಾರೆ, ನಿಲ್ಲುವುದಕ್ಕೆ ಜಾಗವೂ ಇದೆ. ಆನ್‌ಲೈನ್ ವ್ಯಾಪಾರದ ಪಾಠ ಹೇಳುವ ಮೇಷ್ಟ್ರು, ಫೋನಿನ ಪರದೆಯೊಳಗೆ ಯಾವಾಗಲೂ ಒಂದೇ ಹಳದಿ ಅಂಗಿ ತೊಟ್ಟು ಬರುವ ಆ ಮನುಷ್ಯ, ಏಳನೆಯ ಪಾಠದಲ್ಲಿ ಹೇಳಿದ್ದೂ ಇದನ್ನೇ. "ಹೆದ್ದಾರೀಲಿ ಅಂಗಡಿ ಇಡಬೇಡಿ, ಓಣೀಲಿ ಇಡಿ. ಆದ್ರೆ ಇಳಿಯೋ ಮುಂಚೆ ಅಲ್ಲಿ ಈಗಾಗ್ಲೇ ಕೂತಿರೋರು ಎಷ್ಟು ಗಟ್ಟಿ ಅಂತ ಅಳೀರಿ." ಅವನು ಅಳೆದಿದ್ದ. ಮೂರು ತಿಂಗಳು ಕೂತು ಅಳೆದಿದ್ದ. ಅವನ ಓಣಿ ಎಂದರೆ ಕಬ್ಬಿಣದ ಪೈಪಿನ ಹಳೇ ಕುರ್ಚಿಗಳ ಕಾಲಿಗೆ ಹಾಕುವ ರಬ್ಬರ್ ಬುಶ್. ಈಗಿನ ಕುರ್ಚಿಗಳಿಗೆ ಹೊಂದದ ಹಳೇ ಅಳತೆಯದು, ಅದೂ ಈ ಊರಿನೊಳಗೆ ಮಾತ್ರ, ನಾಲ್ಕರ ಪೊಟ್ಟಣದಲ್ಲಿ. ಇಷ್ಟು ಕಿರಿದಾದ ಓಣಿಯಲ್ಲೂ ಆಗಲೇ ಮೂವರು ಕೂತಿದ್ದಾರೆಂದು ಗೊತ್ತಾದ ದಿನ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರಿಗೆ ಅವನೇ ಹೆಸರಿಟ್ಟಿದ್ದ. ನೀಲಿ ಡಬ್ಬಿಯಲ್ಲಿ ಕಳಿಸುವವನು ನೀಲಿಡಬ್ಬಿ. ಫೋಟೋದಲ್ಲಿ ಯಾತಕ್ಕೋ ಬಿಳಿ ಕೋಟು ಹಾಕಿಕೊಂಡು ನಿಂತವನು ಬಿಳಿಕೋಟು. ಫೋಟೋ, ವಿಳಾಸ, ವಿವರ ಏನೂ ಇಲ್ಲದ ಮೂರನೆಯವನು ಮೌನಿ. ಮೌನಿಯ ಬಲ ನೂರಕ್ಕೆ ಎಷ್ಟು ಎಂದು ಅವನಿಗೆ ಈವರೆಗೂ ನಿಗದಿ ಮಾಡಲಾಗಿರಲಿಲ್ಲ, ಅದೇ ಒಂದು ಕೊರಗು.

"ರೀ, ಒಳಗೇ ಸಂಸಾರ ಹೂಡಿದ್ರಾ? ನನಗೆ ಬಸ್ಸು ತಪ್ಪತ್ತೆ."

ಅವನು ಬಾಯಿ ಮುಕ್ಕಳಿಸಿ ಹೊರಗೆ ಬಂದ. ಹೆಂಡತಿ ಕನ್ನಡಕದಂಗಡಿಯ ಸಮವಸ್ತ್ರ ತೊಟ್ಟು, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಿಂತಿದ್ದಳು. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಕನ್ನಡಕ ಕೂರಿಸಿ, ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಿ ನೋಡಿ, ಅವಳಿಗೆ ಯಾರ ಮುಖವನ್ನೂ ಒಂದು ಗೇಣು ದೂರದಿಂದ ನೋಡುವ ಅಭ್ಯಾಸವಾಗಿಬಿಟ್ಟಿತ್ತು. ಈಗಲೂ ಹಾಗೇ ನೋಡಿದಳು. "ಇವತ್ತು ಶನಿವಾರ," ಎಂದಳು. "ಸೋಮವಾರ ಅಣ್ಣ ಕಾಯ್ತಿರ್ತಾನೆ. ನೀವು ಬರಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತಾನಂತೆ. ನನ್ನದೇನೂ ಬಲವಂತ ಇಲ್ಲ. ಹನ್ನೊಂದು ಪ್ಯಾಕೆಟ್ ಹೋಗಿದೆ ಅಂತ ಅಣ್ಣಂಗೂ ಹೇಳಿದೀನಿ. ಪರವಾಗಿಲ್ವೇ ಅಂದ. ಆದ್ರೂ ನನಗೊಂದು ಮಾತು ಹೇಳ್ಬಿಡಿ. ಇದು ನಡೆಯೋ ಅಂಥದ್ದಾ?" ನಡೆಯತ್ತೆ ಎಂದ ಅವನು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಯಾರ್ರೀ ಅವರು, ತಗೊಂಡೋರು?" ಎಂದು ಕೇಳಿದಳು. ಸುಮ್ಮನೆ, ಕುತೂಹಲಕ್ಕೆ. "ಜನ," ಎಂದ ಅವನು.

ಭಾವನದು ಲಿಫ್ಟ್ ರಿಪೇರಿಯ ಕಂಪನಿ. ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡವರು ಫೋನು ಮಾಡಿದಾಗ, ಗಾಬರಿಯಾಗಬೇಡಿ, ಜನ ಹೊರಟಿದ್ದಾರೆ ಎಂದು ಹೇಳುವ ಕೆಲಸ ಅವನಿಗಾಗಿ ಕಾದಿತ್ತು. ಕೆಲಸ ಕೆಟ್ಟದ್ದೇನಲ್ಲ. ಆದರೆ ಆ ಹುದ್ದೆಗೆ ಅರ್ಜಿ ಹಾಕಿದವನು ಅವನೊಬ್ಬನೇ, ಅದೂ ಅವನೇ ಹಾಕಿದ್ದಲ್ಲ. ಹತ್ತೊಂಬತ್ತು ವರ್ಷ ಅವನು ನೇಮಕಾತಿ ಪರೀಕ್ಷೆ ನಡೆಸುವ ಕಚೇರಿಯಲ್ಲಿ ಒಂದೇ ಕೆಲಸ ಮಾಡಿದ್ದ: ಒಂದು ಹುದ್ದೆಗೆ ಎಷ್ಟು ಅರ್ಜಿ ಎಂದು ಎಣಿಸಿ ಪಟ್ಟಿ ಮಾಡುವುದು. ತೋಟಗಾರನ ಒಂದು ಹುದ್ದೆಗೆ ನಾನೂರ ಹನ್ನೆರಡು. ಬೆರಳಚ್ಚುಗಾರನ ಒಂದು ಹುದ್ದೆಗೆ ಎಂಬತ್ತೊಂಬತ್ತು. ಎಣಿಸಿ ಎಣಿಸಿ ಅವನ ಕಣ್ಣಿಗೆ ಲೋಕವೆಲ್ಲ ಹಾಗೇ ಕಾಣತೊಡಗಿತ್ತು. ಬಸ್ಸಿನಲ್ಲಿ ಖಾಲಿಯಾಗುತ್ತಿರುವ ಒಂದು ಸೀಟಿಗೆ ಆರು ಜನ, ಅದರಲ್ಲಿ ಗಟ್ಟಿಗರು ಇಬ್ಬರು. ತನ್ನ ಮದುವೆಯ ದಿನವೂ, ಹೆಂಡತಿ ತನಗಿಂತ ಮೊದಲು ಇಬ್ಬರನ್ನು ನೋಡಿ ಬೇಡವೆಂದಿದ್ದಳು ಎನ್ನುವುದು ನೆನಪಾಗಿ, ಮೂವರಲ್ಲಿ ಮೊದಲು ಎಂದು ಒಳಗೊಳಗೇ ಹಿಗ್ಗಿದ್ದ. ಆ ಹಿಗ್ಗಿನ ಬೇರು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಶಾಲೆಯಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇಟ್ಟಿದ್ದರು. ಯಾರು ಕೊನೆಗೆ ಮುಟ್ಟುತ್ತಾರೋ ಅವರು ಗೆದ್ದ ಹಾಗೆ. ಅವನೊಬ್ಬನೇ ಹೆಸರು ಕೊಟ್ಟಿದ್ದ. ಖಾಲಿ ಮೈದಾನದಲ್ಲಿ ಒಬ್ಬನೇ, ಯಾರನ್ನೂ ಹಿಂದಿಕ್ಕದೆ, ಯಾರಿಗೂ ಹಿಂದೆ ಬೀಳದೆ, ಆಯ ತಪ್ಪದ ಹಾಗೆ ಹಲ್ಲು ಕಚ್ಚಿಕೊಂಡು ತುಳಿದು ಮೊದಲನೆಯವನಾದ. ಮನೆಯಲ್ಲಿ ಅಪ್ಪ ಬಹುಮಾನದ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, ಎಷ್ಟು ಜನ ಇದ್ರೋ ಎಂದು ಕೇಳಿದರು. ಇಪ್ಪತ್ತು ಎಂದ. ಆಮೇಲೆ ಮನೆಗೆ ಬಂದ ಪ್ರತಿಯೊಬ್ಬರಿಗೂ ಅಪ್ಪ ಇಪ್ಪತ್ತು ಜನರ ಕಥೆ ಹೇಳುತ್ತಿದ್ದರು, ಹೇಳುವಾಗ ಅವನ ತಲೆಯ ಮೇಲೆ ಕೈಯಿಡುತ್ತಿದ್ದರು. ಆ ಕೈಯ ಭಾರವನ್ನು ಅವನು ಯಾವತ್ತೂ ನೆಮ್ಮದಿಯಿಂದ ಹೊತ್ತುಕೊಂಡವನಲ್ಲ. ಹೆಂಡತಿ ಗೇಟು ಹಾಕಿದ ಸದ್ದು ಕೇಳಿಸಿತು.

ಹನ್ನೆರಡನೆಯ ಪೊಟ್ಟಣ ಕಟ್ಟುವುದಿತ್ತು. ಊಟದ ಮೇಜಿನ ಮೇಲೆ ಬುಶ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಅಳತೆಯ ಕಡ್ಡಿಯಲ್ಲಿ ಹಿಡಿದು ನೋಡಿ, ನಾಲ್ಕನ್ನು ಆರಿಸಿದ. ವಿಳಾಸದ ಚೀಟಿ ಅಂಟಿಸುವಾಗ ಅಂಟು ಹೆಚ್ಚಾಗಿ ಸೋರಿತು. ಒರೆಸಲು ಏನಾದರೂ ಸಿಗುತ್ತದೆಯೇ ಎಂದು ಕಪಾಟು ತೆರೆದರೆ, ಎದುರಾಳಿಗಳ ಸರಕಿನ ಗುಣಮಟ್ಟ ಪರೀಕ್ಷಿಸಲು ತಾನೇ ತರಿಸಿದ್ದ ಏಳು ಡಬ್ಬಿಗಳು. ಅವುಗಳಲ್ಲಿ ಒಂದು ನೀಲಿ ಡಬ್ಬಿಯ ಮಗ್ಗುಲಲ್ಲಿ, ಕಳಿಸಿದವರು ಎನ್ನುವಲ್ಲಿ, ಈಗಷ್ಟೇ ಅವನು ಅಂಟಿಸುತ್ತಿದ್ದ ವಿಳಾಸವೇ ಇತ್ತು. ಅದೇ ಅಡ್ಡರಸ್ತೆ, ಅದೇ ಔಷಧಿ ಅಂಗಡಿಯ ಮೇಲಿನ ಮಹಡಿ. ಅವನು ಅಂಟಾದ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿ, ಕಳಿಸಿದ ಹನ್ನೊಂದು ಪೊಟ್ಟಣಗಳ ವಿಳಾಸದ ನಕಲು ಚೀಟಿಗಳನ್ನೆಲ್ಲ ಹುಡುಕಿ ತಂದು ಮೇಜಿನ ಮೇಲೆ ಹರವಿ, ಏಳು ಡಬ್ಬಿಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಹೊಂದಿಸಿದ. ಹನ್ನೊಂದರಲ್ಲಿ ಐದು ನೀಲಿಡಬ್ಬಿ ತರಿಸಿಕೊಂಡದ್ದು. ನಾಲ್ಕು ಬಿಳಿಕೋಟು, ಅತ್ತೆಯ ಹೆಸರಲ್ಲಿ, ಅತ್ತಿಗೆಯ ಹೆಸರಲ್ಲಿ, ವಿಳಾಸ ಮಾತ್ರ ಒಂದೇ. ಉಳಿದೆರಡು ಮೌನಿಯದು, ಜಾಲದಲ್ಲಿ ಕೊಡದ ವಿಳಾಸ ಅವನ ಡಬ್ಬಿಯ ಮೇಲಿತ್ತು. ಅವರೂ ಅಳೆಯುತ್ತಿದ್ದಾರೆ. ಅವನ ಬುಶ್ಶನ್ನು ಬಗ್ಗಿಸಿ, ಎಳೆದು, ಮೂಸಿ ನೋಡಿ, ನೂರಕ್ಕೆ ಇಷ್ಟು ಎಂದು ಬರೆದಿಟ್ಟುಕೊಂಡಿದ್ದಾರೆ. ಅವನು ಅವರದನ್ನು, ಅವರು ಅವನದನ್ನು, ಅವರವರಲ್ಲೇ ಒಬ್ಬರದನ್ನೊಬ್ಬರು. ಇಡೀ ಊರಿನ ಬುಶ್ ಮಾರುಕಟ್ಟೆ ಎಂದರೆ ನಾಲ್ಕು ಕಪಾಟುಗಳು. ಒಂದರಿಂದ ಇನ್ನೊಂದಕ್ಕೆ ರಬ್ಬರು ಹೋಗುತ್ತದೆ, ಬರುತ್ತದೆ, ಯಾವ ಕುರ್ಚಿಯ ಕಾಲನ್ನೂ ಮುಟ್ಟುವುದಿಲ್ಲ.

ಅವನಿಗೆ ನಗು ಬಂದಿದ್ದರೆ ಬದುಕಿಕೊಳ್ಳುತ್ತಿದ್ದ. ಬಂದದ್ದು ನಾಚಿಕೆ. ಕಿವಿ ಬಿಸಿಯಾಯಿತು. 'ಗಟ್ಟಿಯಾಗಿದೆ, ಕಾಲನ್ನು ಬಿಗಿಯಾಗಿ ಹಿಡಿಯುತ್ತದೆ, ಕಳಿಸಿದವರಿಗೆ ಒಳ್ಳೆಯದಾಗಲಿ' ಎಂದು ಯಾರೋ ಬರೆದದ್ದನ್ನು ಓದಿ ಹೋದ ತಿಂಗಳು ಇದೇ ಮೇಜಿನ ಮುಂದೆ ಅವನ ಕಣ್ಣು ತುಂಬಿ ಬಂದಿತ್ತು. ಬರೆದವನು ನೀಲಿಡಬ್ಬಿ. ಇತ್ತ ತಾನು ಬಿಳಿಕೋಟಿನ ಸರಕಿನ ಬಗ್ಗೆ, 'ಪರವಾಗಿಲ್ಲ, ಸ್ವಲ್ಪ ವಾಸನೆ ಇದೆ' ಎಂದು ಬರೆದು ಎರಡು ನಕ್ಷತ್ರ ಕೊಟ್ಟಿದ್ದ. ಆ ಎರಡು ನಕ್ಷತ್ರ ಓದಿ ಬಿಳಿಕೋಟಿನ ಮನೆಯಲ್ಲಿ ಅವತ್ತು ಊಟ ಸೇರಿತೋ ಇಲ್ಲವೋ. ಇವೆಲ್ಲಕ್ಕೂ ಮೂಲ ಎಲ್ಲಿ ಎಂದು ತಲೆ ಕೆರೆದುಕೊಳ್ಳುವ ಅಗತ್ಯವೂ ಇರಲಿಲ್ಲ. ಏಳನೆಯ ಪಾಠದಲ್ಲಿ, ಓಣಿಯ ವಿಷಯ ಹೇಳುತ್ತ ಹೇಳುತ್ತ ಮೇಷ್ಟ್ರು ನೀರು ಕುಡಿಯಲು ನಿಂತು, "ಈಗ ನೋಡಿ, ಉದಾಹರಣೆಗೆ, ಹಳೇ ಕುರ್ಚಿ ಕಾಲಿನ ಬುಶ್" ಎಂದಿದ್ದರು. ಅಷ್ಟೇ. ಬಾಯಿಗೆ ಬಂದದ್ದು. ಅವರು ಕೂತಿದ್ದ ಕುರ್ಚಿ ಅಲ್ಲಾಡಿತ್ತೋ ಏನೋ. ಆ ಪಾಠವನ್ನು ಎಷ್ಟು ಸಾವಿರ ಜನ ನೋಡಿದ್ದಾರೆಂದು ಕೆಳಗೇ ಬರೆದಿತ್ತು. ಆದರೂ ಆ ಸಣ್ಣ ಮಾತನ್ನು ಹಿಡಿದುಕೊಂಡವನು ತಾನೊಬ್ಬನೇ ಎಂದು ಅವನು ಕಣ್ಣುಮುಚ್ಚಿ ನಂಬಿದ್ದ. ಬಹುಶಃ ಆ ಮೂವರೂ ಕಣ್ಣು ಮುಚ್ಚಿಕೊಂಡೇ ನಂಬಿದ್ದರು. ಈಗ ಹೆಂಡತಿಗೆ ಏನು ಹೇಳುವುದು? ಒಬ್ಬ, ಒಬ್ಬನೇ ಒಬ್ಬ, ಈ ಓಣಿಯವನಲ್ಲದ, ಅಳೆಯಲು ಬಾರದ, ಮನೆಯಲ್ಲಿ ಕುರ್ಚಿ ಅಲ್ಲಾಡುವ ಮನುಷ್ಯ ಸಿಕ್ಕಿದ್ದರೆ ಸಾಕಾಗಿತ್ತು.

ಫೋನು ಗುಂಯ್ ಎಂದಿತು. ಸಂದೇಶ. 'ನನಗೆ ಒಂದೇ ಬುಶ್ ಬೇಕು. ಮೂರು ಕಾಲು ಸರಿ ಇದೆ. ಸಿಗತ್ತಾ?'

ಎದೆ ಧಸಕ್ಕೆಂದಿತು. ಮೊದಲು ಸಂತೋಷಕ್ಕೆ, ಮರುಕ್ಷಣವೇ ಅನುಮಾನಕ್ಕೆ. ಒಂದೇ ಬುಶ್ ಯಾರು ಕೇಳುತ್ತಾರೆ? ನಾಲ್ಕರ ಪೊಟ್ಟಣ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿರುವಾಗ ಒಂದನ್ನು ಕೇಳುವುದೆಂದರೆ ಇದು ಮಾರುವವನ ತಾಳ್ಮೆ ಪರೀಕ್ಷಿಸುವ, ಓಣಿಗಿಳಿದ ಐದನೆಯವನ ಉಪಾಯ. ಹನ್ನೊಂದನೆಯ ಪಾಠದಲ್ಲಿ ಇದೂ ಇತ್ತು: ಎದುರಾಳಿ ಕಷ್ಟದ ಗಿರಾಕಿಯನ್ನು ಹೇಗೆ ನಿಭಾಯಿಸುತ್ತಾನೆ ನೋಡಿ. ಅವನು ಹುಷಾರಾಗಿ ಟೈಪು ಮಾಡಿದ: ಕುರ್ಚಿ ಎಷ್ಟು ವರ್ಷದ್ದು? ಬುಶ್ ಇಲ್ಲದ್ದು ಯಾವ ಕಾಲು, ಮುಂದಿನದೋ ಹಿಂದಿನದೋ? ನಿಮಗೆ ಈ ಬುಶ್ ಯಾತಕ್ಕೆ ಬೇಕು? ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. 'ಕೂತ್ಕೊಳ್ಳೋದಕ್ಕೆ. ಅನುಮಾನ ಇದ್ರೆ ಬಂದು ನೋಡಿ.' ಕೆಳಗೆ ವಿಳಾಸ. ಮೂವರಲ್ಲಿ ಯಾರದೂ ಅಲ್ಲದ ವಿಳಾಸ.

ಅವನು ಅಂಗಿ ಬದಲಿಸಿದ. ಟಿಪ್ಪಣಿ ಪುಸ್ತಕ ತೆಗೆದುಕೊಂಡ, ಅಳತೆಯ ಕಡ್ಡಿ ತೆಗೆದುಕೊಂಡ. ಒಂದು ಬುಶ್ಶನ್ನು ಜೇಬಿಗೆ ಹಾಕಿಕೊಂಡವನು, ಬಾಗಿಲ ತನಕ ಹೋಗಿ ಹಿಂದಿರುಗಿ ಬಂದು ಅದನ್ನು ತೆಗೆದು ಮೇಜಿನ ಮೇಲೇ ಇಟ್ಟ. ಎದುರಾಳಿಯ ಬಲ ತಿಳಿಯುವ ಮೊದಲು ತನ್ನ ಸರಕನ್ನು ತೋರಿಸಬಾರದು. ಅದು ಮೂರನೆಯ ಪಾಠ.

ಬಸ್ಸಿನಲ್ಲಿ ಒಂದು ಸೀಟಿಗೆ ಮೂವರು. ಅವನು ಎಣಿಸಲಿಲ್ಲ ಎಂದುಕೊಂಡ, ಆಗಲೇ ಎಣಿಸಿಯಾಗಿತ್ತು. ಕಂಬಿ ಹಿಡಿದು ನಿಂತಾಗ, ಬರೆದವರು ನಿಜವಾದ ಗಿರಾಕಿಯೇ ಆಗಿದ್ದರೆ ಎನ್ನುವ ಯೋಚನೆ ಬಂತು. ಪರೀಕ್ಷೆಯ ಹಾಲಿನ ಹೊರಗೆ ನಿಂತಿರುತ್ತಿದ್ದ ಅರ್ಜಿದಾರರ ಮುಖ ನೆನಪಾಯಿತು. ಹತ್ತೊಂಬತ್ತು ವರ್ಷದಲ್ಲಿ ಅವರಲ್ಲಿ ಒಬ್ಬರ ಹತ್ತಿರವೂ ಅವನು ಮಾತಾಡಿರಲಿಲ್ಲ. ಒಮ್ಮೆ ಒಬ್ಬಾಕೆ ಪಟ್ಟಿ ಅಂಟಿಸುವಾಗ ಪಕ್ಕ ಬಂದು, "ಸಾರ್, ನನಗೆ ಆಗತ್ತಾ?" ಎಂದು ಕೇಳಿದ್ದಳು. ಒಂದಕ್ಕೆ ಇನ್ನೂರ ಆರು ಎಂದು ಹೇಳಿ ಅವನು ಅಂಟಿನ ಡಬ್ಬಿ ಎತ್ತಿಕೊಂಡು ಒಳಗೆ ಹೋಗಿದ್ದ. ಉತ್ತರ ಸರಿಯಾಗಿಯೇ ಇತ್ತು. ಯಾಕೆ ಈಗ ನೆನಪಾಗಬೇಕು? ಇಳಿಯಬೇಕಾದ ನಿಲ್ದಾಣ ದಾಟಿಹೋಗಿ, ಒಂದು ನಿಲ್ದಾಣ ಹಿಂದಕ್ಕೆ ನಡೆದು ಬಂದ.

ಮೂರನೆಯ ಮಹಡಿ. ಬಾಗಿಲು ತೆರೆದೇ ಇತ್ತು. ಒಳಗೆ ಕಿಟಕಿಗೆ ಒತ್ತಿ ಒಂದು ಎತ್ತರದ ಮೇಜು, ಮೇಜಿನ ಮೇಲೆ ಬಿಳಿಯ ಬಟ್ಟೆ, ಬಟ್ಟೆಯ ಮೇಲೆ ಹೊಟ್ಟೆ ಬಿಚ್ಚಿದ ಕೈಗಡಿಯಾರಗಳು. ಒಂದು ಕಣ್ಣಿಗೆ ಕರೀ ಭೂತಗನ್ನಡಿ ಸಿಕ್ಕಿಸಿಕೊಂಡ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು, ಕಬ್ಬಿಣದ ಪೈಪಿನ ಹಳೇ ಕುರ್ಚಿಯ ಮೇಲೆ. ಅವಳು ಅವನತ್ತ ತಿರುಗಿದ್ದೇ ಕುರ್ಚಿ ಟಕ್ ಎಂದು ಒಂದು ಕಡೆ ವಾಲಿತು. ಆ ಟಕ್ ಸದ್ದನ್ನು ಅವನು ಮೂರು ತಿಂಗಳಿಂದ ಕಲ್ಪಿಸಿಕೊಂಡಿದ್ದ, ಕೇಳಿದ್ದು ಇದೇ ಮೊದಲು. ಮೈ ಜುಂ ಎಂದಿತು.

"ಬುಶ್ಶಿನೋರಾ?" ಎಂದಳು ಗಡಿಯಾರದ ಹೆಂಗಸು. "ಬನ್ನಿ. ಕೂತು ನೋಡ್ತೀರಾ, ಬಗ್ಗಿ ನೋಡ್ತೀರಾ?"

"ಅಂದ್ರೆ?"

"ನಿನ್ನೆ ಬಂದೋರು ಕೂತು ನೋಡಿದ್ರು. ಮೊನ್ನೆ ಬಂದೋರು ಬಗ್ಗಿ ನೋಡಿದ್ರು. ಅದರ ಹಿಂದಿನ ದಿನ ಒಬ್ಬರು ಬಿಳಿ ಕೋಟು ಹಾಕ್ಕೊಂಡು ಬಂದಿದ್ರು. ಡಾಕ್ಟರಾ ಅಂತ ಕೇಳ್ದೆ, ಅಲ್ಲ ಅಂದ್ರು. ಕುರ್ಚೀನ ಹೀಗೆ ಹೀಗೆ ಅಲ್ಲಾಡಿಸಿ, ಏನೋ ಬರ್ಕೊಂಡು ಹೋದ್ರು. ನೀವು ನಾಲ್ಕನೆಯವರು."

ಅವನು ಟಿಪ್ಪಣಿ ಪುಸ್ತಕವನ್ನು ಮೆಲ್ಲಗೆ ಬೆನ್ನ ಹಿಂದೆ ಹಿಡಿದುಕೊಂಡ. ನಿನ್ನೆ ಬಂದವನು ಮಾತಾಡಿದನೇ ಎಂದು ಕೇಳಬೇಕೆನಿಸಿತು. ಮಾತಾಡದಿದ್ದರೆ ಅವನೇ ಮೌನಿ. ಆದರೆ ಬಾಯಿಗೆ ಬಂದದ್ದು ಬೇರೆ. "ಅವರ ಬುಶ್ ಹೇಗಿತ್ತು? ರಬ್ಬರು ಮೆದುವಾಗಿತ್ತಾ?"

"ಯಾರ ಹತ್ರ ಬುಶ್ ಇತ್ತು? ಒಬ್ಬರೂ ತಂದಿರ್ಲಿಲ್ಲ. ನಾನು ನಿಜವಾಗ್ಲೂ ಗಿರಾಕೀನಾ ಅಂತ ನೋಡೋಕೆ ಬಂದ್ರಂತೆ." ಅವಳು ಕಣ್ಣಿನ ಗಾಜು ತೆಗೆದು ಅವನನ್ನು ಎರಡೂ ಕಣ್ಣಿಂದ ನೋಡಿದಳು. "ನಿಮ್ಮ ಹತ್ರ ಇದೆಯಾ?"

"ಮನೇಲಿದೆ. ಒಂದು ಗಂಟೇಲಿ ತಂದುಬಿಡ್ತೀನಿ."

"ಅವರೂ ಹಾಗೇ ಅಂದ್ರು."

"ಆಮೇಲೆ?"

"ಆಮೇಲೆ ನೀವು ಬಂದ್ರಿ."

ಅವನು ಗೋಡೆಗೆ ಒರಗಿ ನಿಂತ. ಮೂವರ ಬಲ ಎಷ್ಟೆಂದು ಈಗ ಅವನಿಗೆ ಪೂರ್ತಿ ಗೊತ್ತಾಯಿತು, ನಾಲ್ಕನೆಯವನದೂ. ಅವರೆಲ್ಲ ಈ ಕೋಣೆಗೆ ಬಂದು, ಟಕ್ ಸದ್ದು ಕೇಳಿ, ಖುಷಿಯಿಂದ ಮನೆಗೆ ಓಡಿ, ಬಹುಶಃ ಈಗ ಊಟದ ಮೇಜಿನ ಮುಂದೆ ಕೂತು, ಒಬ್ಬ ಗಿರಾಕಿಗೆ ನಾಲ್ವರು ಎಂದು ಲೆಕ್ಕ ಹಾಕಿ, ಇಳಿಯುವುದೋ ಬೇಡವೋ ಎಂದು ಯೋಚಿಸುತ್ತಿದ್ದಾರೆ. ಅವರ ಮೇಲೆ ಅಸಹ್ಯವಾಗಬೇಕಿತ್ತು. ಅಯ್ಯೋ ಪಾಪ ಅನ್ನಿಸಿತು, ತನ್ನನ್ನೂ ಸೇರಿಸಿಕೊಂಡು. ಗಡಿಯಾರದ ಹೆಂಗಸು ಮತ್ತೆ ಗಾಜು ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣದೊಂದು ಸ್ಕ್ರೂ ಹಿಡಿದು, ಉಸಿರು ಬಿಗಿಹಿಡಿದು ಬಗ್ಗಿದಳು. ಟಕ್. ಸ್ಕ್ರೂ ಬಟ್ಟೆಯ ಮೇಲೆ ಬಿತ್ತು. ಬಟ್ಟೆಯ ಮಡಿಕೆಯಲ್ಲಿ ಅದನ್ನು ಹುಡುಕತೊಡಗಿದಳು.

"ಕಾಗದ ಮಡಚಿ ಇಡಬಹುದಲ್ಲ?" ಎಂದ ಅವನು.

"ಇಟ್ಟೆ. ಜಾರತ್ತೆ. ಒಂದ್ಸಲ ಜಾರಿ, ಸ್ಪ್ರಿಂಗ್ ಹಾರಿ ಎಲ್ಲಿ ಹೋಯ್ತೋ ಇವತ್ತಿಗೂ ಸಿಕ್ಕಿಲ್ಲ."

"ಬೇರೆ ಕುರ್ಚಿ?"

"ಎತ್ತರ ಬರಲ್ಲ. ಕಣ್ಣು, ಕೈ, ಮೇಜು, ಮೂರಕ್ಕೂ ಒಂದು ಲೆಕ್ಕ ಇರತ್ತೆ. ಅಪ್ಪನ ಕಾಲದಿಂದ ಇದೇ ಕುರ್ಚಿ. ಅಂಗಡೀಲಿ ಕೇಳಿದ್ರೆ ಆ ಸೈಜು ಈಗ ಬರಲ್ಲ ಅಂತಾರೆ." ಸ್ಕ್ರೂ ಸಿಕ್ಕಿತು. "ಇದೊಂದು ಕೂರಿಸಿದ್ರೆ ಮುಗೀತು. ನಾಲ್ಕು ದಿನದಿಂದ ಕೂರಿಸ್ತಾನೇ ಇದೀನಿ. ಮಧ್ಯಾಹ್ನಕ್ಕೆ ಗಡಿಯಾರ ಕೊಟ್ಟೋರು ಬರ್ತಾರೆ, ಇವತ್ತೂ ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಕೊಡ್ತೀನಿ ಅಂದಿದಾರೆ."

ಮನೆಗೆ ಹೋಗಿ ಬರಲು ಒಂದು ಗಂಟೆ, ಬಸ್ಸು ಸಿಕ್ಕರೆ. ಕಿಟಕಿಯ ಬಿಸಿಲು ಆಗಲೇ ಮೇಜಿನ ಅಂಚಿಗೆ ಬಂದಿತ್ತು. ಅವನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಮೊಣಕಾಲೂರಿದ್ದ. ಹಿಂದಿನ ಎಡಗಾಲು. ಪೈಪಿನ ಬರಿಯ ಬಾಯಿಗೂ ನೆಲಕ್ಕೂ ನಡುವೆ ಕಿರುಬೆರಳಿನ ದಪ್ಪದ ಸಂದು. ಅಳತೆಯ ಕಡ್ಡಿ ಬೇಕಾಗಲಿಲ್ಲ. ಕರ್ಚೀಫನ್ನು ಬೆರಳಿಗೆ ಸುತ್ತಿಕೊಂಡು, ಅವಳು ಗಾಬರಿಯಿಂದ ಎದ್ದ ಕೂಡಲೇ ಕುರ್ಚಿಯನ್ನು ಒಂಚೂರು ಎತ್ತಿ, ಬೆರಳನ್ನು ಕಾಲಿನ ಕೆಳಗೆ ಇಟ್ಟ.

"ಏನ್ ಮಾಡ್ತಿದೀರಿ?"

"ಕೂತ್ಕೊಳ್ಳಿ. ಕೂತು ನೋಡಿ."

"ನಿಮಗೇನು ತಲೆ ಕೆಟ್ಟಿದ್ಯಾ? ಬೆರಳು ಜಜ್ಜಿಹೋಗತ್ತೆ."

"ಕೂತ್ಕೊಳ್ಳಿ ಅಮ್ಮಾ," ಎಂದ. ದನಿ ಬೇಡಿಕೊಳ್ಳುವ ಹಾಗಿತ್ತು, ಅದು ಅವನಿಗೂ ಕೇಳಿಸಿತು. ಅವಳು ಸ್ವಲ್ಪ ಹೊತ್ತು ಅವನ ತಲೆಯ ಹಿಂಭಾಗವನ್ನು ನೋಡುತ್ತ ನಿಂತಿದ್ದಿರಬೇಕು. ಆಮೇಲೆ ಅವಳ ಭಾರ ಮೆಲ್ಲಮೆಲ್ಲಗೆ ಇಳಿದು ಬಂತು. ಬೆರಳಿನಿಂದ ಮೊಣಕೈತನಕ ಒಂದು ಉರಿ ಓಡಿತು. ಕುರ್ಚಿ ಟಕ್ ಎನ್ನಲಿಲ್ಲ. ಅವಳು ಬೇಕೆಂದೇ ಆ ಕಡೆ ಈ ಕಡೆ ವಾಲಿ ನೋಡಿದಳು. ಆಗಲೂ ಇಲ್ಲ.

"ನೋಯ್ತಿದ್ಯಾ?"

"ಇಲ್ಲ."

"ಸುಳ್ಳು ಹೇಳಬೇಡಿ."

"ನೋಯ್ತಿದೆ," ಎಂದ. "ನೀವು ಮಾಡಿ."

ಅವನು ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿದ. ಮೇಜಿನ ಕೆಳಗೆ ಧೂಳು, ಒಂದು ಮುರಿದ ಗಡಿಯಾರದ ಪಟ್ಟಿ, ಅವಳ ಹಿಮ್ಮಡಿಯ ಬಿರುಕು. ಮೇಲೆ ಚಿಮಟ ಲೋಹಕ್ಕೆ ತಾಗುವ ಸಣ್ಣ ಸದ್ದು. ಇಂಥ ಅವಸ್ಥೆಯಲ್ಲಿ ಯಾರಾದರೂ ಕಂಡರೆ ಮಾನ ಹೋಗುತ್ತದೆ ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ಈ ಬೆರಳು ಇಲ್ಲಿರುವ ತನಕ ಆ ಸ್ಕ್ರೂ ಬೀಳುವುದಿಲ್ಲ. ಇಷ್ಟನ್ನು ಅವನು ಯಾವ ಪಟ್ಟಿಯಲ್ಲೂ ಬರೆಯಬೇಕಿರಲಿಲ್ಲ. ಅವನಿಗೆ ಸಂತೋಷವಾಗಿತ್ತು, ನಾಚಿಕೆಗೆಟ್ಟ, ಬೆರಳು ನೋಯುವಂಥ ಸಂತೋಷ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟತೊಡಗಿತು. ಬಲಗೈಯನ್ನು ಕದಲಿಸದೆ ಎಡಗೈಯಿಂದ ಹೇಗೋ ಎಳೆದು ಕಿವಿಗಿಟ್ಟುಕೊಂಡ.

"ಅಣ್ಣ ಅಂಗಡಿಗೇ ಬಂದಿದಾನೆ," ಎಂದಳು ಹೆಂಡತಿ. "ಸೋಮವಾರದ್ದು ಏನು ಅಂತ ಕೇಳ್ತಿದಾನೆ. ಎಲ್ಲಿದೀರಿ ನೀವು?"

"ಕೆಲಸದಲ್ಲಿದೀನಿ."

"ಯಾಕೆ ದನಿ ಒಂಥರಾ ಇದೆ? ಮಲಗಿದೀರಾ?"

"ಕೇಳಿಲ್ಲಿ. ಹನ್ನೊಂದಲ್ಲ ಕಣೇ. ಆ ಹನ್ನೊಂದೂ ಸುಳ್ಳು. ಆಮೇಲೆ ಹೇಳ್ತೀನಿ. ಒಂದೇ."

ಆ ಕಡೆ ಯಾರೋ ಗಿರಾಕಿ ಕನ್ನಡಕ ಹಾಕಿಕೊಂಡು, ದೂರದ್ದು ಕಾಣ್ತಿಲ್ಲ ಎನ್ನುವುದು ಕೇಳಿಸಿತು. "ಒಂದಾದ್ರೂ ಮಾರಿದ್ರಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಮಾರಿಲ್ಲ," ಎಂದ ಅವನು. "ಹಿಡ್ಕೊಂಡಿದೀನಿ."

"ಅಲ್ಲಾಡಬೇಡಿ," ಎಂದಳು ಮೇಲಿಂದ ಗಡಿಯಾರದ ಹೆಂಗಸು. "ಕೂರ್ತಾ ಇದೆ."